ಗುಂಡಿ ತುಂಬುವ ಆಜ್ಞೆ

ಏಳುನೂರು ಕಿಲೋಮೀಟರ್ ಮೇಲಿನಿಂದ
ಮಧ್ಯ ಅಟ್ಲಾಸಿನ ಬೆಟ್ಟಸಾಲು
ಯಾರೋ ಹಿಂಡಿಟ್ಟು ಹರವಲು ಮರೆತ ಬಟ್ಟೆ.
ಅದರ ಸುಕ್ಕು ಎಣಿಸುವುದು ನನ್ನ ಕೆಲಸ,
ಸಂಬಳ ಪ್ರತಿ ತಿಂಗಳ ಐದಕ್ಕೆ.

ಮೂವತ್ತು ಮೀಟರಿಗೊಂದು ಚೌಕ,
ಚೌಕಕ್ಕೊಂದು ಎತ್ತರ.
ಪ್ರತಿ ಚೌಕವೂ ಎಂಟು ನೆರೆಯವರ ಕಡೆ ನೋಡಿ
ಎಲ್ಲರಿಗಿಂತ ತಗ್ಗಿನಲ್ಲಿದ್ದವರ ಮನೆಗೆ
ತನ್ನ ನೀರನ್ನೆಲ್ಲ ದಾಟಿಸಿಬಿಡುತ್ತದೆ.
ನೆರೆಹೊರೆ ಅಷ್ಟು ಸಲೀಸಾಗಿದ್ದಿದ್ದರೆ!

ತೊರೆಗಳಿಗೆ ಅಂತಸ್ತು ಹಚ್ಚುತ್ತೇನೆ:
ತವರಿಲ್ಲದ ತೊರೆ ಒಂದನೆಯದು.
ಒಂದಕ್ಕೊಂದು ಕೂಡಿದರೆ ಎರಡು.
ಎರಡಕ್ಕೆ ಒಂದು ಬಂದು ಸೇರಿದರೆ ಮಾತ್ರ
ಎರಡು ಎರಡಾಗಿಯೇ ಉಳಿಯುತ್ತದೆ,
ಬಂದವಳ ಹೆಸರು ಅಲ್ಲಿಗೆ ಮುಗಿಯಿತು.

ಇಷ್ಟಕ್ಕೂ ಮೊದಲು ಒಂದು ಆಜ್ಞೆ: ಗುಂಡಿ ತುಂಬು.
ಸುತ್ತ ಎತ್ತರವಿದ್ದು ನಡುವೆ ತಗ್ಗಿದ್ದರೆ,
ನೀರಿಗೆ ಹೊರಬೀಳುವ ದಾರಿ ಕಾಣದಿದ್ದರೆ
ಅದು ಉಪಗ್ರಹದ ಕಣ್ಣಿನ ಕಸವೆಂದು
ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.
ಒತ್ತಿದೆ.
ಸಾವಿರದ ನಾನೂರು ಗುಂಡಿಗಳು
ಪುದೀನ ಚಹಾ ಆರುವುದರೊಳಗೆ ಸಪಾಟು.

ಹಾಳೆ ಸುತ್ತಿ ಹೆಗಲಿಗೇರಿಸಿ
ನೆಲ ಒಪ್ಪುತ್ತದೋ ಕೇಳಿಬರಲು ಹೋದೆ.
ಕುರಿಗಾರ ಹದ್ದೂ ನಕ್ಷೆಯನ್ನು ತಲೆಕೆಳಗಾಗಿ ಹಿಡಿದ.
ತಿರುಗಿಸಲು ಕೈಚಾಚಿದೆ.
‘ಬಿಡು ತೂದಾ, ನಾನು ಕೆಳಗಿನಿಂದ ಹತ್ತಿ ಬಂದವನು.’
ಆಮೇಲೆ ಬೆರಳಿಟ್ಟ: ‘ಈ ತೊರೆ ಎಲ್ಲಿಂದ ತಂದೆ?’

ಅವನ ಬಾರ್ಲಿ ಹೊಲದ ನಟ್ಟನಡುವೆ
ನನ್ನ ನೀಲಿ ಗೆರೆ ಹರಿಯುತ್ತಿತ್ತು.
ಹೊಲದಲ್ಲಿ ಕಲ್ಲಿತ್ತು, ಕೂಳೆಯಿತ್ತು, ತೊರೆಯಿರಲಿಲ್ಲ.
ಮೇಲ್ಗಡೆ, ಸೀಡರ್ ಮರಗಳು ನಿಲ್ಲುವಲ್ಲಿ,
ಬೋಗುಣಿಯಂಥ ತಗ್ಗು. ತಳದಲ್ಲಿ ಸುಣ್ಣಕಲ್ಲಿನ ಬಾಯಿ
ಕರಗಿದ ಹಿಮವನ್ನು ಗಟಗಟ ಕುಡಿಯುತ್ತಿತ್ತು,
ಗಲ್ಲ ಒರೆಸಿಕೊಳ್ಳುವ ಪುರುಸೊತ್ತಿಲ್ಲದೆ.
ಸಾವಿರದ ನಾನೂರರಲ್ಲಿ ಒಂದು.

ಸೊಸೆ ರಬ್ಹಾ ದಿಬ್ಬದಾಚೆಯ ಕಣಿವೆಯವಳು.
ಕದಿರಿನಿಂದ ಕಣ್ಣೆತ್ತದೆ ಅಂದಳು:
‘ಮದುವೆಯಾದ ವರ್ಷ, ಮೊದಲ ಕಂಬಳಿಗೆ
ಮಂಜಿಷ್ಠದ ಬಣ್ಣ ಕಾಯಿಸಿ
ಉಳಿದದ್ದನ್ನು ಈ ಬಾಯಿಗೆ ಸುರಿದಿದ್ದೆ.
ನಾಲ್ಕನೆಯ ದಿನ ಅವ್ವ ಬುಗ್ಗೆಗೆ ಕೊಡ ಅದ್ದಿದರೆ
ನೀರು ಕೆಂಪು.
ಊರಿಗೆ ಊರೇ ಪ್ರಾರ್ಥನೆಗೆ ನಿಂತಿತು.
ಅವ್ವ ಮಾತ್ರ ನಾಲಿಗೆಗೆ ಹಚ್ಚಿಕೊಂಡು
ಬಣ್ಣ ನೂಲಿಗೆ ಹಿಡಿದಿಲ್ಲ,
ಹುಡುಗಿ ಪಟಿಕ ಕಡಿಮೆ ಹಾಕಿದ್ದಾಳೆ ಅಂದಳಂತೆ.’

ದಿಬ್ಬದ ನೆತ್ತಿಯ ಮೇಲೆ ನಾನೆಳೆದ ಗೆರೆ
ಇತ್ತಣ ಮಳೆ ಇತ್ತ, ಅತ್ತಣ ಮಳೆ ಅತ್ತ ಎಂದು
ತೀರ್ಪು ಕೊಟ್ಟು ಕೂತಿತ್ತು.
ಅದರ ಕಾಲಡಿಯಲ್ಲೇ ನುಸುಳಿ ಹೋಗಿತ್ತು
ಮಗಳ ಕೈತಪ್ಪಿನ ಸುದ್ದಿ.

ಹದ್ದೂ ಕೆಮ್ಮಿದ. ‘ಇದನ್ನು ಬರೆದುಕೊಳ್ಳಬೇಡ.
ಇವತ್ತು ನಮ್ಮ ಕುರಿ ನೀರು ಕುಡಿದರೆ ನೀರು ಕುಡಿಯಿತು, ಅಷ್ಟೇ.
ಕಾಗದ ಹುಟ್ಟಿದ ಮೇಲೆ
ಆಚೆಯವರ ನೀರು ಕುಡಿದಂತಾಗುತ್ತದೆ.’

ಕದಿರು ನಿಂತಿತು.
‘ಹೋದ ಚಳಿಗೆ ಸತ್ತವಲ್ಲ ಮಾವ, ಹನ್ನೊಂದು ಕುರಿ,
ಅವನ್ನು ಎಲ್ಲಿಗೆ ಎಸೆದಿರಿ?’

ನಾಯಿಯೊಂದು ಸುಮ್ಮನೆ ಎದ್ದು ಜಾಗ ಬದಲಿಸಿತು.
ಹದ್ದೂ ನಕ್ಷೆಯನ್ನು ಮಡಿಚಿದ,
ಸುರುಳಿ ಸುತ್ತಬೇಕಾದ್ದನ್ನು, ನಾಲ್ಕು ಮಡಿಕೆಯಾಗಿ,
ಹೊಸ ಕಣಿವೆಗಳು ಏಳುವಷ್ಟು ಒತ್ತಿ.

ಕಚೇರಿಯಲ್ಲಿ ನಾನೂರ ಹನ್ನೆರಡನೆಯ ಸಾಲು,
ಎಂಟುನೂರ ಎಪ್ಪತ್ತೇಳನೆಯ ಕಂಬ,
ಆ ಒಂದು ಚೌಕದ ಮಣ್ಣು ತೆಗೆದೆ.
ಅರ್ಧಕ್ಕೆ ಕಡಿದ ತೊರೆ ಕಂಡು
ಮೇಲಧಿಕಾರಿ ಕೆಂಪು ಸುತ್ತು ಹಾಕಿ ಕಳಿಸಿದರು:
ದೋಷ, ಸರಿಪಡಿಸಿ.

ಷರಾ ಬರೆಯುವ ಅಂಕಣ ಬಲು ಚಿಕ್ಕದು.
‘ಗುಂಡಿ ನಿಜ. ತುಂಬಬೇಡಿ. ಕೆಳಗೆ ಕುಡಿಯುವವರಿದ್ದಾರೆ.
ಆಧಾರ: ಮಂಜಿಷ್ಠ, ನಾಲ್ಕು ದಿ’

ಅಲ್ಲಿಗೆ ಜಾಗ ಮುಗಿಯಿತು.